ತಿರುಗಿ ಕೇಳುವ ಫಾರ್ಮಸಿಸ್ಟ್

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆಯ ಫಾರ್ಮಸಿ ಅಂದ ಕೂಡಲೇ ನಿಮಗೆ ನೆನಪಾಗುವುದು ಏನು? ಒಂದು ಕಿಟಕಿ, ಉದ್ದದ ಕ್ಯೂ, ಬಿಲ್ಲು, ಕವರ್ ತುಂಬ ಮಾತ್ರೆ. ಅಲ್ವಾ? ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ನೋಟ ಇದೇ. ಆದರೆ ಆ ಕಿಟಕಿಯ ಹಿಂದೆ ಇನ್ನೊಂದು ಕೆಲಸ ನಡೆಯುತ್ತದೆ. ನಡೆಯಬೇಕು ಅನ್ನುವುದೇ ಹೆಚ್ಚು ಸರಿ. ವಾರ್ಡಿನಿಂದ ಪ್ರಶ್ನೆಗಳು ಬರುತ್ತವೆ. ಈ ಎರಡು ಇಂಜೆಕ್ಷನ್ ಒಂದೇ ಡ್ರಿಪ್ಪಿನಲ್ಲಿ ಹಾಕಬಹುದಾ? ಹಾಲೂಡಿಸುವ ತಾಯಿಗೆ ಈ ಮಾತ್ರೆ ಆಗುತ್ತದಾ? ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಎಷ್ಟು ಇಳಿಸಬೇಕು? ಇವಕ್ಕೆಲ್ಲ ಹುಡುಕಿ, ತೂಗಿ ನೋಡಿ ಉತ್ತರ ಕೊಡುವುದಕ್ಕೆ ಔಷಧ ಮಾಹಿತಿ ಸೇವೆ ಎಂದು ಹೆಸರು.

ಇದು ಹೊಸದೇನಲ್ಲ. 1962ರಲ್ಲೇ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇಂಥ ಕೇಂದ್ರ ಶುರುವಾಯಿತು. ನಮ್ಮ ಬೆಂಗಳೂರಿನಲ್ಲೂ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ಒಂದು ಕೇಂದ್ರ ತೆರೆದಿದೆ. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಈ ಸೇವೆ ಅಂದರೆ ಬಾಗಿಲಿಗೆ ಒಂದು ಬೋರ್ಡು, ಒಳಗೆ ಒಂದು ಕಂಪ್ಯೂಟರ್, ಬೀರುವಿನಲ್ಲಿ ನಾಲ್ಕು ದಪ್ಪ ಪುಸ್ತಕ. ಇನ್ನೂ ಪುಸ್ತಕ ತರಿಸಿದರೆ, ದುಬಾರಿ ಸಾಫ್ಟ್‌ವೇರ್ ಹಾಕಿಸಿದರೆ ಸುಧಾರಣೆ ಆಯಿತು ಎಂದು ಆಡಳಿತದವರು ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಕೆಲಸ ಶುರುವಾಗುವುದು ಪುಸ್ತಕದಿಂದಲ್ಲ. ಕೇಳಿದವರನ್ನು ತಿರುಗಿ ಕೇಳುವುದರಿಂದ.

ಒಂದು ಉದಾಹರಣೆ ಹೇಳುತ್ತೇನೆ. ರಾತ್ರಿ ಐಸಿಯುನಿಂದ ಸಿಸ್ಟರ್ ಫೋನ್ ಮಾಡುತ್ತಾರೆ. "ಸಾರ್, ಫಿಟ್ಸ್ ಮಾತ್ರೆ ಫೆನಿಟಾಯಿನ್. ಪುಡಿ ಮಾಡಿ ಮೂಗಿನ ಟ್ಯೂಬಿನಲ್ಲಿ ಹಾಕಬಹುದಾ?" ಹೌದು ಅಥವಾ ಇಲ್ಲ ಅಂದುಬಿಟ್ಟರೆ ಅರ್ಧ ನಿಮಿಷದ ಕೆಲಸ. ಆದರೆ ಸ್ವಲ್ಪ ತಡೆದು ಕೇಳಬೇಕು. ಮಾತ್ರೆಯಾ, ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲಾ? ಟ್ಯೂಬಿನ ತುದಿ ಹೊಟ್ಟೆಯಲ್ಲಿದೆಯಾ, ಕರುಳಿನಲ್ಲಿದೆಯಾ? ಟ್ಯೂಬಿನಲ್ಲಿ ಕೊಡುವ ದ್ರವ ಆಹಾರ, ಅಂದರೆ ಫೀಡ್, ಬಿಡದೆ ಹರಿಯುತ್ತಿದೆಯಾ? ಆಗ ಸಿಸ್ಟರ್ ನಿಜವಾದ ವಿಷಯ ಹೇಳುತ್ತಾರೆ: "ಅದಲ್ಲ ಸಾರ್, ನಿನ್ನೆಯಿಂದ ಹಾಕ್ತಾನೇ ಇದ್ದೀವಿ. ಆದರೂ ಇವತ್ತು ಎರಡು ಸಲ ಫಿಟ್ಸ್ ಬಂತು."

ಪ್ರಶ್ನೆಯೇ ಬದಲಾಯಿತು ನೋಡಿ. ಪುಡಿ ಮಾಡಬಹುದಾ ಅನ್ನುವುದು ಈಗ ಮುಖ್ಯವಲ್ಲ. ಹಾಕಿದ ಔಷಧ ರಕ್ತಕ್ಕೆ ಸೇರುತ್ತಿದೆಯಾ ಅನ್ನುವುದು ಮುಖ್ಯ.

ಇದಕ್ಕೆ ಪುರಾವೆ ಹುಡುಕಿದರೆ ಒಂದು ಸ್ವಾರಸ್ಯ ಸಿಗುತ್ತದೆ. ಟ್ಯೂಬಿನ ಆಹಾರದ ಜೊತೆ ಹೋದಾಗ ಫೆನಿಟಾಯಿನ್ ಮಟ್ಟ ರಕ್ತದಲ್ಲಿ ಬಹಳ ಕುಸಿಯುತ್ತದೆ ಎಂದು 1980ರ ದಶಕದಿಂದಲೂ ರೋಗಿಗಳ ವರದಿಗಳು ಬಂದಿವೆ. ಆಮೇಲೆ ಆರೋಗ್ಯವಂತರ ಮೇಲೆ ಶಿಸ್ತಾಗಿ ಪರೀಕ್ಷೆಗಳು ನಡೆದವು. ಅವುಗಳಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ! ಚೀಟಿ ಎತ್ತಿ ಗುಂಪು ಮಾಡಿ ನಡೆಸುವ ಪರೀಕ್ಷೆಗೆ ಬಿಡಿ ವರದಿಗಿಂತ ತೂಕ ಜಾಸ್ತಿ ಎಂದು ನಮಗೆಲ್ಲ ಕಾಲೇಜಿನಲ್ಲೇ ಕಲಿಸಿರುತ್ತಾರೆ. ಹಾಗಂತ ಆ ಲೆಕ್ಕ ಹಿಡಿದು "ಏನೂ ಭಯವಿಲ್ಲ" ಅನ್ನಬಹುದಾ? ಅನ್ನಬಾರದು. ಆರೋಗ್ಯವಾಗಿ ಓಡಾಡುವವರ ಹೊಟ್ಟೆ ಬೇರೆ, ಐಸಿಯುನಲ್ಲಿ ಮಲಗಿದವರ ಹೊಟ್ಟೆ ಬೇರೆ. ಪರೀಕ್ಷೆ ಚೆನ್ನಾಗಿಯೇ ನಡೆದಿದೆ, ಆದರೆ ನಮ್ಮ ರೋಗಿಯಂಥವರ ಮೇಲೆ ನಡೆದಿಲ್ಲ.

ಹಾಗಾಗಿ ಸಿಸ್ಟರ್‌ಗೂ ಡ್ಯೂಟಿ ಡಾಕ್ಟರಿಗೂ ಹೇಳುವ ಉತ್ತರ ಹೀಗಿರಬೇಕು. ಪುರಾವೆ ಎರಡೂ ಕಡೆ ಇದೆ. ಆದರೆ ಔಷಧ ಸೇರದಿದ್ದರೆ ಅಪಾಯ ದೊಡ್ಡದು. ಆದ್ದರಿಂದ ಔಷಧಕ್ಕೆ ಮುಂಚೆ ಒಂದೆರಡು ಗಂಟೆ, ಆಮೇಲೆ ಒಂದೆರಡು ಗಂಟೆ ಫೀಡ್ ನಿಲ್ಲಿಸಿ. ಟ್ಯೂಬನ್ನು ನೀರಿನಿಂದ ತೊಳೆಯಿರಿ. ರಕ್ತದಲ್ಲಿ ಔಷಧದ ಮಟ್ಟ ನೋಡಿ, ಜೊತೆಗೆ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ನೋಡಿ. ಆಲ್ಬುಮಿನ್ ಕಡಿಮೆ ಇದ್ದರೆ ಫೆನಿಟಾಯಿನ್ ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸಿ ದಾರಿ ತಪ್ಪಿಸುತ್ತದೆ. ಫಿಟ್ಸ್ ನಿಲ್ಲದಿದ್ದರೆ ರಕ್ತನಾಳದ ಮೂಲಕ ಕೊಡುವುದೇ ಒಳ್ಳೆಯದೇನೋ, ಅದನ್ನು ಡಾಕ್ಟರು ತೀರ್ಮಾನಿಸಲಿ.

ಇಷ್ಟು ಹೇಳಿ ಫೋನ್ ಇಟ್ಟರೆ ಸಾಲದು. ಮಟ್ಟ ಕಡಿಮೆ ಇದೆಯೆಂದು ಡೋಸ್ ಏರಿಸಿರುತ್ತಾರೆ. ನಾಲ್ಕು ದಿನಕ್ಕೆ ರೋಗಿ ಬಾಯಲ್ಲಿ ಉಣ್ಣಲು ಶುರು ಮಾಡುತ್ತಾರೆ, ಟ್ಯೂಬ್ ತೆಗೆಯುತ್ತಾರೆ. ಆಗ ಅದೇ ಡೋಸ್ ಜಾಸ್ತಿಯಾಗಿ ನಡಿಗೆ ತೂರಾಡಬಹುದು, ಮಾತು ತೊದಲಬಹುದು. ಅದಕ್ಕೇ ಉತ್ತರ ಕೊಟ್ಟವರು ಮತ್ತೆ ವಾರ್ಡಿಗೆ ಹೋಗಿ ವಿಚಾರಿಸಬೇಕು. ನಮ್ಮಲ್ಲಿ ತುಂಬ ಸಲ ತಪ್ಪಿಹೋಗುವುದು ಇದೇ.

ಎಲ್ಲ ಪ್ರಶ್ನೆಗೂ ಇಷ್ಟು ತೂಗಾಟ ಬೇಕಿಲ್ಲ, ನಿಜ. ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಮತ್ತು ಕ್ಯಾಲ್ಸಿಯಂ ಇರುವ ಡ್ರಿಪ್ ಎರಡೂ ಕೊಡಬಹುದಾ ಅಂದರೆ, ಕೂಡದು. ಎರಡೂ ಸೇರಿ ಗಟ್ಟಿಯಾಗಿ ಶ್ವಾಸಕೋಶ, ಕಿಡ್ನಿಯಲ್ಲಿ ಕೂತು ಶಿಶುಗಳು ತೀರಿಕೊಂಡಿವೆ. ಅಲ್ಲಿ ಚರ್ಚೆಯೇ ಇಲ್ಲ.

ಇನ್ನು ಕೆಲವು ಕಡೆ ಪುರಾವೆ ತೆಳ್ಳಗಿದ್ದರೂ ಸಲಹೆ ಕೊಡಬಹುದು. ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿದರೆ ಔಷಧ ಸರಿಯಾಗಿ ಹತ್ತುವುದಿಲ್ಲ ಎಂದು ಇಟಲಿಯಿಂದ 2008ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿದ್ದವರು ಕೆಲವೇ ಜನ. ಕುಡಿದದ್ದು ಅಲ್ಲಿನ ಎಸ್ಪ್ರೆಸೊ, ನಮ್ಮ ಬಸವನಗುಡಿಯ ಫಿಲ್ಟರ್ ಕಾಫಿಯಲ್ಲ. ಆದರೂ "ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೀರಿ" ಅಂದರೆ ಯಾರಿಗೂ ನಷ್ಟವಿಲ್ಲ. ಕಾಫಿ ತಡವಾಯಿತು ಅನ್ನುವ ಸಿಡುಕು ಬಿಟ್ಟರೆ! ಸಲಹೆ ತಪ್ಪಾದರೆ ಏನು ಕಳೆದುಕೊಳ್ಳುತ್ತೇವೆ ಅನ್ನುವುದನ್ನೂ ಪುರಾವೆಯ ಪಕ್ಕದಲ್ಲಿಟ್ಟು ನೋಡಬೇಕು. ಮೆಡಿಕಲ್ ರೆಪ್ ಕೊಡುವ ಹೊಳೆಯುವ ಹಾಳೆಯಲ್ಲಿ ಇದು ಇರುವುದಿಲ್ಲ. ಫೋನಿನಲ್ಲಿ ಹುಡುಕಿದರೆ ಉತ್ತರವೇನೋ ತಟ್ಟನೆ ಸಿಗುತ್ತದೆ, ಆದರೆ ಟ್ಯೂಬಿನ ತುದಿ ಎಲ್ಲಿದೆ ಎಂದು ಅದಾಗಿ ವಿಚಾರಿಸುವುದು ಕಡಿಮೆ.

ಈ ಕೆಲಸಕ್ಕೆ ಜನ ಇಲ್ಲವಾ ಅಂದರೆ ಇದ್ದಾರೆ. 2008ರಿಂದ ನಮ್ಮ ದೇಶದಲ್ಲಿ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ ಇದೆ. ಆರು ವರ್ಷದ ಓದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೂ ಇಂಥ ಕೆಲಸವನ್ನು ಗುರುತಿಸಿವೆ. ಆದರೆ ಓದಿ ಬಂದ ಹುಡುಗ ಹುಡುಗಿಯರನ್ನು ಎಷ್ಟೋ ಕಡೆ ಬಿಲ್ಲಿಂಗ್ ಕೌಂಟರಿಗೆ ಕೂರಿಸುತ್ತಾರೆ. ಅವರಲ್ಲಿ ಒಬ್ಬರನ್ನು ಬೆಳಗಿನ ರೌಂಡ್ಸಿಗೆ ಕಳಿಸಿ ನೋಡಿ. ಫೋನಿನಲ್ಲಿ ಬಾರದ ಪ್ರಶ್ನೆಗಳು ಹಾಸಿಗೆಯ ಪಕ್ಕ ಬರುತ್ತವೆ.

ಕೊಟ್ಟ ಉತ್ತರವನ್ನು ಬರೆದಿಡುವುದೂ ಮುಖ್ಯ. ಯಾರು ಕೇಳಿದರು, ಏಕೆ ಕೇಳಿದರು, ಯಾವ ಆಧಾರದ ಮೇಲೆ ಹೇಳಿದೆವು, ತಾರೀಖು ಏನು. ಒಂದೇ ವಾರ್ಡಿನಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಸುಮ್ನೆ ಉತ್ತರ ಕೊಡುತ್ತ ಕೂರುವುದಲ್ಲ, ಆ ಔಷಧದ ಡಬ್ಬದ ಮೇಲೆಯೇ ಚೀಟಿ ಅಂಟಿಸಬೇಕು.

ಕೇಳುಗರಾದ ನೀವೂ ಫಾರ್ಮಸಿಸ್ಟ್‌ಗಳನ್ನು ಕೇಳಿ. ಕೇಳುವಾಗ ಸ್ಟ್ರಿಪ್ ಕೈಯಲ್ಲಿರಲಿ. ಆಯುರ್ವೇದದ ಲೇಹ್ಯ, ಪಕ್ಕದ ಮನೆಯವರು ಕೊಟ್ಟ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ಔಷಧದಿಂದ ಅಡ್ಡಪರಿಣಾಮ ಆಗಿದೆ ಅನ್ನಿಸಿದರೆ ಡಾಕ್ಟರಿಗೆ ಹೇಳಿ, ಜೊತೆಗೆ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬಹುದು. ಕರೆ ಉಚಿತ. ಸಂಖ್ಯೆ ಬರೆದುಕೊಳ್ಳಿ: 1800 180 3024. ಮತ್ತೊಮ್ಮೆ, 1800 180 3024.

ನಮಸ್ಕಾರ.