ಮೆಟ್ಟಿಲ ಮೇಲೆ ಬಂದ ಮಾತು

ಎಲ್ಲರಿಗೂ ನಮಸ್ಕಾರ. ಗುಂಪು ಚರ್ಚೆ ನಡೆಸುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ನಾನೇ ಕೆಡಿಸಿದ ಒಂದು ಚರ್ಚೆಯಿಂದ ಶುರು ಮಾಡುತ್ತೇನೆ.

ರಸ್ತೆ ಅಗಲ ಮಾಡಲು ಮರ ಕಡಿಯಬೇಕೋ ಬೇಡವೋ ಎಂಬುದು ವಿಷಯ. ಇಪ್ಪತ್ತು ಜನ ಸೇರಿದ್ದೆವು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಆದರೂ ಜಗಳವಾಗಲಿಲ್ಲ. ಸರಿಯಾಗಿ ಎರಡು ಗಂಟೆಯಲ್ಲಿ ಮುಗಿಯಿತು, ಚಪ್ಪಾಳೆಯೂ ಬಿತ್ತು. ನಾನು ಬೀಗುತ್ತಾ ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕುಳಿತಿದ್ದ ಹೆಂಗಸೊಬ್ಬರು ಪಕ್ಕಕ್ಕೆ ಬಂದರು. "ಮರ ಇರೋದು ಒಂದೇ ಕಡೆ ಅಲ್ವಾ? ಇನ್ನೊಂದು ಕಡೆ ಒಂದು ಹಳೇ ಕಾಲುವೆ ಇದೆ. ಅದನ್ನ ಮುಚ್ಚಿದ್ರೆ ಜಾಗ ಸಿಗಲ್ವಾ?" ಎಂದರು. ಎರಡು ಗಂಟೆಯಲ್ಲಿ ಯಾರೂ ಆ ಕಾಲುವೆಯ ಸುದ್ದಿ ಎತ್ತಿರಲಿಲ್ಲ. "ಒಳಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನೀವು ಕೇಳಲಿಲ್ವಲ್ಲ" ಎಂದರು.

ಇದು ನನ್ನೊಬ್ಬನ ದಡ್ಡತನ ಅಲ್ಲ ಎಂದು ಆಮೇಲೆ ತಿಳಿಯಿತು. (ದಡ್ಡತನವೂ ಇತ್ತು, ಅದು ಬೇರೆ.) 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಗುಂಪಿನವರು ಕೆಲವು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಬೇಕು. ಕೆಲವು ಸಂಗತಿ ಎಲ್ಲರಿಗೂ ಗೊತ್ತು, ಕೆಲವು ಒಬ್ಬೊಬ್ಬರಿಗೆ ಮಾತ್ರ ಗೊತ್ತು. ಎಲ್ಲವನ್ನೂ ಕೂಡಿಸಿದರೆ ಮಾತ್ರ ಒಳ್ಳೆಯ ಅಭ್ಯರ್ಥಿ ಯಾರೆಂದು ಕಾಣುತ್ತದೆ. ಹೆಚ್ಚಿನ ಗುಂಪುಗಳು ಎಡವಿದವು. ಎಲ್ಲರಿಗೂ ಗೊತ್ತಿದ್ದುದನ್ನೇ ಜನ ಮತ್ತೆ ಮತ್ತೆ ಆಡಿದರು. ನೀವು ಒಂದು ಮಾತು ಹೇಳಿ, ಉಳಿದವರು ತಲೆಯಾಡಿಸಿದರೆ ಎಷ್ಟು ಹಿತ! ಯಾರಿಗೂ ಗೊತ್ತಿಲ್ಲದ್ದನ್ನು ಹೇಳಿದರೆ ಎಲ್ಲರೂ ಸುಮ್ನೆ ಮುಖ ನೋಡುತ್ತಾರೆ.

ಚರ್ಚೆ ನಡೆಸುವುದು ಅಂದರೆ ಜಾಸ್ತಿ ಮಾತಾಡುವವರಿಗೆ ಲಗಾಮು ಹಾಕುವುದು ಎಂದುಕೊಂಡಿರುತ್ತೇವೆ. ಅದೂ ಬೇಕು. 1863ರಲ್ಲಿ ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್‌ಗೆ ಒಂದು ಸಭೆ ನಡೆಸುವ ಕೆಲಸ ದಿಢೀರನೆ ಬಂತು. ಸಭೆ ಕೈತಪ್ಪಿತು. ಆ ಅವಮಾನ ತಡೆಯಲಾರದೆ ಸಭೆಯ ನಿಯಮಗಳನ್ನು ಓದಲು ಕುಳಿತ ಆತ 1876ರಲ್ಲಿ ಒಂದು ನಿಯಮಾವಳಿಯನ್ನೇ ಪ್ರಕಟಿಸಿದ. ಇವತ್ತಿಗೂ ಅದು ಬಳಕೆಯಲ್ಲಿದೆ. ಅಂಥ ನಿಯಮದಿಂದ ಗದ್ದಲ ನಿಲ್ಲುತ್ತದೆ. ಆದರೆ ಹಿಂದಿನ ಸಾಲಿನ ಬಾಯಿ ತೆರೆಯುವುದಿಲ್ಲ.

ಅದಕ್ಕೆ ಪ್ರಶ್ನೆ ಬದಲಾಗಬೇಕು. "ನಿಮ್ಮ ಅಭಿಪ್ರಾಯ ಏನು?" ಎಂದರೆ ಜನ ಪಕ್ಷ ಕಟ್ಟುತ್ತಾರೆ. ಅಭಿಪ್ರಾಯ ಒಮ್ಮೆ ಬಾಯಿಂದ ಹೊರಬಿದ್ದರೆ ಅದನ್ನು ಕಾಯುವುದೇ ಕೆಲಸವಾಗುತ್ತದೆ. "ಆ ರಸ್ತೆಯಲ್ಲಿ ನೀವು ಏನು ನೋಡಿದ್ದೀರಿ?" ಎಂದು ಕೇಳಿ. ನೋಡಿದ್ದನ್ನು ಹೇಳಲು ಧೈರ್ಯ ಬೇಕಿಲ್ಲ, ಭಾಷಣ ಕಲೆಯೂ ಬೇಕಿಲ್ಲ. ಇನ್ನೂ ಒಳ್ಳೆಯದೆಂದರೆ, ಮಾತು ಶುರುವಾಗುವ ಮೊದಲೇ ಮೂರು ನಿಮಿಷ ಕೊಟ್ಟು ಎಲ್ಲರಿಂದಲೂ ಚೀಟಿಯಲ್ಲಿ ಬರೆಸಿ. ಮೊದಲು ಮಾತಾಡಿದವರ ಹಿಂದೆ ಎಲ್ಲರೂ ಸಾಲುಗಟ್ಟುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಕೇಳಿದ ಮೇಲೆ ಕಾಯಬೇಕು. ಇದು ನನಗೆ ತುಂಬಾ ಕಷ್ಟ. ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಯಿತು, ಸುಮ್ಮನಿರುವ ಮಕ್ಕಳೂ ಬಾಯಿ ತೆರೆದರು. ದೊಡ್ಡವರ ಸಭೆಯಲ್ಲಿ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಐದಕ್ಕೆ ಬರುವಾಗ ಬೆವರು ಬರುತ್ತದೆ. ಏಳಕ್ಕೆ ಯಾರಾದರೂ ಕೆಮ್ಮಿ ಶುರು ಮಾಡುತ್ತಾರೆ.

ಹೀಗೆ ಕಾದಾಗ ಎಲ್ಲರಿಗಿಂತ ಬೇರೆಯಾದ ಒಂದು ಮಾತು ಬಂತು ಅಂದುಕೊಳ್ಳಿ. ತಕ್ಷಣ ನಾಲ್ಕು ಜನ ಮೇಲೆ ಬೀಳುತ್ತಾರೆ. 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರನೇ ಒಂದು ಭಾಗದಷ್ಟು ಸಲ ಜನ ತಾವೂ ಆ ತಪ್ಪನ್ನೇ ಹೇಳಿದರು. ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಾರ ಸಿಕ್ಕರೆ ಸಾಕು, ಅದು ಎಷ್ಟೋ ಇಳಿಯಿತು. ಹಾಗಾಗಿ "ಇದಕ್ಕೆ ಏನಂತೀರಿ?" ಎಂದು ನಾನು ಕೇಳುವುದಿಲ್ಲ. "ಇದನ್ನು ಬೇರೆ ಯಾರಾದರೂ ಗಮನಿಸಿದ್ದೀರಾ?" ಎಂದು ಕೇಳುತ್ತೇನೆ. ವಿರೋಧಿಸುವವರು ಹೇಗೂ ಕಾದಿರುತ್ತಾರೆ.

ಇನ್ನು ಸಾರಾಂಶ. ನಡೆಸುವವರು ಮೋಸ ಮಾಡುವುದು ಇಲ್ಲೇ. ಇಡೀ ಹೊತ್ತು ಅಭಿಪ್ರಾಯ ಬಚ್ಚಿಟ್ಟುಕೊಂಡು ಕೊನೆಯಲ್ಲಿ "ಒಟ್ಟಾರೆ ಎಲ್ಲರೂ ಒಪ್ಪಿದ್ದೇನೆಂದರೆ" ಎಂದು ಅದನ್ನೇ ಹೇಳಿಬಿಡುತ್ತೇವೆ. ನನ್ನ ವಾದಕ್ಕೆ ಒಪ್ಪದವರ ಕೈಯಲ್ಲೇ ಈಗ ಸಾರಾಂಶ ಹೇಳಿಸುತ್ತೇನೆ. ಅವರು ತಿರುಚಿದರೆ ಹಿಡಿಯಲು ನಾನಿದ್ದೇನಲ್ಲ.

ಆ ರಸ್ತೆಯ ಬಗ್ಗೆ ಇನ್ನೊಂದು ಸಲ ಸೇರಿದೆವು. ಚೀಟಿ ಬರೆಸಿದೆ. ಕಾಲುವೆಯ ಮಾತು ಮೊದಲ ಹತ್ತು ನಿಮಿಷದಲ್ಲೇ ಬಂತು. ಮಳೆಗಾಲದಲ್ಲಿ ನೀರೆಲ್ಲ ಹೋಗುವುದು ಅಲ್ಲೇ, ಮುಚ್ಚಿದರೆ ಮನೆಗಳಿಗೆ ನುಗ್ಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಆ ಸಲಹೆ ಅಲ್ಲಿಗೆ ಬಿದ್ದುಹೋಯಿತು. ಹೆಂಗಸು ಬೇಜಾರು ಮಾಡಿಕೊಳ್ಳಲಿಲ್ಲ. ಹಾಗಾದರೆ ಕಾಲುವೆಯ ಮೇಲೆ ಚಪ್ಪಡಿ ಹಾಸಿ ನಡೆಯುವ ದಾರಿ ಮಾಡಬಹುದಲ್ಲ ಎಂದು ಅವರೇ ಕೇಳಿದರು. ಉಳಿದ ಹೊತ್ತೆಲ್ಲ ಚಪ್ಪಡಿಯ ಮೇಲೆ ವಾದ ನಡೆಯಿತು, ತೀರ್ಮಾನವಾಗಲಿಲ್ಲ. ಮುಗಿಸಿ ಮೆಟ್ಟಿಲು ಇಳಿಯುವಾಗ ಒಬ್ಬ ಹುಡುಗ ಹಿಂದೆ ಬಂದು "ಸಾರ್, ಒಂದು ವಿಷಯ" ಎಂದ. ಅವನನ್ನು ಮಾತು ಮುಗಿಸಲು ಬಿಡಲಿಲ್ಲ. ಕೈ ಹಿಡಿದು ಮತ್ತೆ ಮೇಲೆ ಕರೆದುಕೊಂಡು ಹೋದೆ. ಏಳೆಂಟು ಜನ ಇನ್ನೂ ಕುಳಿತಿದ್ದರು.