ನೆತ್ತಿಯಲ್ಲಿ ಎಷ್ಟು ಬೆಳಕು ಬಿಡಬೇಕು?

ಸ್ನೇಹಿತರೇ,

ಕಡಿಯಬೇಕಾದ ಮರಕ್ಕೆ ಗುರುತು ಹಾಕುವುದನ್ನು ಕಲಿಯಲು ಬಂದವರು ಮೊದಲು ಕಾಂಡವನ್ನು ನೋಡುತ್ತಾರೆ. ನೆಟ್ಟಗಿದೆಯೇ, ಗಂಟುಗಳಿವೆಯೇ ಎಂದು ತಟ್ಟಿ, ತಡವಿ ಪರೀಕ್ಷಿಸುತ್ತಾರೆ. ನಾನು ಅವರಿಗೆ ಹೇಳುವ ಮೊದಲ ಮಾತು, ತಲೆ ಎತ್ತಿ ನೋಡಿ ಎಂದು. ಈ ಮರದ ನೆತ್ತಿ ಎಷ್ಟು ಹರಡಿದೆ, ಅಕ್ಕಪಕ್ಕದ ಕೊಂಬೆಗಳು ಎಲ್ಲಿ ತಾಗುತ್ತಿವೆ, ಇದು ಹೋದರೆ ಇಳಿದು ಬರುವ ಬಿಸಿಲು ಯಾರ ಪಾಲಾಗುತ್ತದೆ? ಕಾಡನ್ನು ಬೆಳೆಸಿ ಪಾಲಿಸುವ ಅರಣ್ಯ ಸಂವರ್ಧನೆ ಎಂಬ ಶಾಸ್ತ್ರದಲ್ಲಿ ಮಳೆ ನಮ್ಮ ಮಾತು ಕೇಳುವುದಿಲ್ಲ, ಮಣ್ಣೂ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬೆಳಕನ್ನು ಹಂಚುವುದು ಮಾತ್ರ ನಮ್ಮ ಕೈಯಲ್ಲಿದೆ.

ಕಡಿದ ಮರದ ಬೊಡ್ಡೆಯ ಮುಂದೆ ಒಮ್ಮೆ ಕುಳಿತುಕೊಳ್ಳಿ. ವರ್ಷ ವರ್ಷ ಮೂಡಿದ ಬಳೆಗಳಲ್ಲಿ ನಡುಭಾಗದವು ಅಗಲವಾಗಿರುತ್ತವೆ, ಅದು ಎಳೆಯ ಮರ ಹಾಯಾಗಿ ಬೆಳೆದ ಕಾಲ. ಆಮೇಲೆ ಬಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಾ ಬರುತ್ತವೆ, ಉಗುರಿನಿಂದ ಗೀರಿದರೂ ಬಿಡಿಸಲಾಗದಷ್ಟು. ನೆರೆಯ ಮರಗಳು ನೆತ್ತಿಯನ್ನು ಒತ್ತಿ ಹಿಡಿದ ವರ್ಷಗಳವು. ಸಕಾಲದಲ್ಲಿ ಯಾರಾದರೂ ನೆರೆಯ ಮರಗಳನ್ನು ತೆಗೆದಿದ್ದರೆ, ಅದಾದ ಕೆಲವೇ ವರ್ಷಗಳಲ್ಲಿ ಬಳೆಗಳು ಮತ್ತೆ ಅಗಲವಾಗುತ್ತವೆ. ವಿರಳಗೊಳಿಸುವುದರ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಸಿಕ್ಕಿಲ್ಲ.

ಆದರೆ ತಡ ಮಾಡಬಾರದು. ಒತ್ತಾಗಿ ಬೆಳೆದ ಮರ ಬೆಳಕಿಗಾಗಿ ಎತ್ತರಕ್ಕೆ ಓಡುತ್ತದೆ, ದಪ್ಪವಾಗುವುದನ್ನು ಮರೆಯುತ್ತದೆ. ಇದನ್ನು ಅಳೆಯಲು ಸರಳ ಲೆಕ್ಕವಿದೆ: ಎತ್ತರವನ್ನು ಎದೆಮಟ್ಟದಲ್ಲಿ ಕಾಂಡಕ್ಕಿರುವ ವ್ಯಾಸದಿಂದ ಭಾಗಿಸಿ, ಎರಡನ್ನೂ ಒಂದೇ ಅಳತೆಯಲ್ಲಿಟ್ಟು. 20 ಮೀಟರ್ ಎತ್ತರದ ಮರಕ್ಕೆ 25 ಸೆಂಟಿಮೀಟರ್ ವ್ಯಾಸವಿದ್ದರೆ ಉತ್ತರ 80. ಪೈನ್, ಸ್ಪ್ರೂಸ್‌ಗಳಂಥ ಸೂಜಿಯೆಲೆಯ ಸೂಚಿಪರ್ಣಿ ಮರಗಳಲ್ಲಿ ಅಲ್ಲಿಯವರೆಗೆ ಸಾಮಾನ್ಯವಾಗಿ ಭಯವಿಲ್ಲ. ಅದೇ ಎತ್ತರಕ್ಕೆ ವ್ಯಾಸ 20 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಉತ್ತರ ನೂರು ದಾಟುತ್ತದೆ. ಅಂಥ ಮರಗಳು ನೆರೆಯವರ ಆಸರೆಯಲ್ಲಿ ಮಾತ್ರ ನಿಂತಿರುತ್ತವೆ. ಇಷ್ಟು ವರ್ಷ ಸುಮ್ಮನಿದ್ದು, ಈಗ ಒಮ್ಮೆಲೇ ಅರ್ಧ ಮರಗಳನ್ನು ತೆಗೆದರೆ ಮುಂದಿನ ಬಿರುಗಾಳಿಗೆ ಉಳಿದರ್ಧವೂ ನೆಲ ಹಿಡಿಯುತ್ತದೆ. ಗಾಳಿಗೆ ತೂಗಾಡಿಯೇ ಕಾಂಡ, ಬೇರು ಎರಡೂ ಗಟ್ಟಿಯಾಗಬೇಕು, ಅದಕ್ಕೆ ವರ್ಷಗಳು ಬೇಕು. ಆದ್ದರಿಂದ ಬೇಗ ಆರಂಭಿಸಿ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ.

ಈ ವಿದ್ಯೆ ಹುಟ್ಟಿದ್ದೇ ಕೊರತೆಯಿಂದ. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳಿಗೆ, ಲೋಹ ಕರಗಿಸುವ ಕುಲುಮೆಗಳಿಗೆ ಸೌದೆ ಸಾಲದೆ ಹೋದಾಗ, ಗಣಿ ಆಡಳಿತಗಾರ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಗ್ರಂಥವೊಂದನ್ನು ಬರೆದು, ಕಾಡು ಮತ್ತೆ ಕೊಡಬಲ್ಲಷ್ಟನ್ನೇ ಕಡಿಯಬೇಕೆಂದು ವಾದಿಸಿದ. ಮಾತು ಸರಿಯಾಗಿತ್ತು. ಆದರೆ ಮುಂದಿನ ಪೀಳಿಗೆಗಳು ಮಧ್ಯ ಯುರೋಪಿನ ಬಹುಭಾಗದಲ್ಲಿ ಸ್ಪ್ರೂಸ್ ಒಂದನ್ನೇ ಸಾಲಾಗಿ ನೆಟ್ಟವು. ಲೆಕ್ಕಕ್ಕೆ ಸುಲಭ, ಬೆಳವಣಿಗೆ ಬಿರುಸು. 1999ರ ಡಿಸೆಂಬರ್ 26ರ ಲೋಥರ್ ಬಿರುಗಾಳಿ ಆ ನೆಡುತೋಪುಗಳನ್ನು ಅಗಾಧ ಪ್ರಮಾಣದಲ್ಲಿ ಉರುಳಿಸಿತು. 2018ರಿಂದಾಚೆಗಿನ ಬರಗಾಲದಲ್ಲಿ ತೊಗಟೆ ಕೊರೆಯುವ ಜೀರುಂಡೆಗಳು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಸ್ಪ್ರೂಸ್ ಕಾಡುಗಳನ್ನು ಬೂದುಬಣ್ಣಕ್ಕೆ ತಿರುಗಿಸಿದವು. ಒಂದೇ ಜಾತಿ, ಒಂದೇ ವಯಸ್ಸು ಎಂದರೆ ಒಂದೇ ದೌರ್ಬಲ್ಯ. ಅಂಥ ಕಾಡನ್ನು ಕಟ್ಟುವ ಹಕ್ಕು ನಮಗಿಲ್ಲವೆಂದೇ ನನ್ನ ದೃಢ ನಂಬಿಕೆ.

ಇನ್ನು ಪುನರುತ್ಪತ್ತಿಯ ವಿಚಾರ. ಎಳೆಯ ಪೀಳಿಗೆ ನೆಲದ ಮೇಲೆ ಕಾಣಿಸುವ ಮೊದಲೇ ಹಿರಿಯ ಮರಗಳನ್ನೆಲ್ಲ ಕಡಿದುಬಿಡುವ ಪದ್ಧತಿ ಕೆಲವು ಜಾತಿಗಳಿಗೆ ಒಗ್ಗುತ್ತದೆ, ಪೂರ್ಣ ಬಿಸಿಲು ಬೇಡುವ ಪೈನ್‌ಗಳಿಗೆ ಉದಾಹರಣೆಗೆ. ಸಾಲವೃಕ್ಷಕ್ಕೆ ಒಗ್ಗುವುದಿಲ್ಲ. ಅದರ ಬೀಜ ಮುಂಗಾರಿನ ಹೊಸ್ತಿಲಲ್ಲಿ ಉದುರುತ್ತದೆ, ಮೊಳೆಯುವ ಶಕ್ತಿ ಸುಮಾರು ಒಂದು ವಾರದಲ್ಲಿ ಇಂಗಿಹೋಗುತ್ತದೆ. ಮೊಳೆತ ಸಸಿಯೂ ಬೇಸಿಗೆಯಲ್ಲಿ ಒಣಗಿ ಸತ್ತಂತೆ ಕಾಣುತ್ತದೆ. ಅಗೆದು ನೋಡಿದರೆ ಬೇರು ಜೀವಂತವಾಗಿರುತ್ತದೆ. ಮಳೆ ಬಿದ್ದೊಡನೆ ಮತ್ತೆ ಚಿಗುರು, ಬೇಸಿಗೆಗೆ ಮತ್ತೆ ಸಾವು. ಹೀಗೆ ಅನೇಕ ವರ್ಷ ನಡೆದು, ಬೇರು ಸಾಕಷ್ಟು ದಪ್ಪಗಾದ ಮೇಲೆ, ಒಂದು ಮಳೆಗಾಲದಲ್ಲಿ ಚಿಗುರು ಸಾಯದೆ ನೇರವಾಗಿ ಮೇಲೇಳುತ್ತದೆ. ಮೊಣಕಾಲೆತ್ತರದ ಆ ಗಿಡವನ್ನು ಕಳೆಯೆಂದು ತುಳಿದು ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಓಕ್, ಬೀಚ್ ಮರಗಳಲ್ಲಿ ಕಾಯುವಿಕೆಯ ಬಗೆ ಬೇರೆ. ಅವು ಪ್ರತಿವರ್ಷವೂ ಹೇರಳವಾಗಿ ಬೀಜ ಕೊಡುವುದಿಲ್ಲ. ಸುಗ್ಗಿಯ ವರ್ಷವನ್ನು ನೋಡಿಕೊಂಡೇ ನೆತ್ತಿಯ ಹಂದರವನ್ನು ತೆರೆಯಬೇಕು. ಹೆಚ್ಚು ತೆರೆದರೆ ಹುಲ್ಲು, ಮುಳ್ಳುಪೊದೆಗಳು ನುಗ್ಗುತ್ತವೆ; ಕಡಿಮೆಯಾದರೆ ಮೊಳಕೆಗಳು ನೆರಳಿನಲ್ಲೇ ಸೊರಗುತ್ತವೆ. ಚೆನ್ನಾಗಿ ಹರಡಿದ ನೆತ್ತಿಯ ಕೆಲವು ತಾಯಿಮರಗಳನ್ನು ಉಳಿಸಿ, ಅವುಗಳ ಆಸರೆಯಲ್ಲಿ ಸಸಿಗಳು ಬೇರೂರಲು ಬಿಡುತ್ತೇವೆ. ಜಿಂಕೆಗಳು ಹೆಚ್ಚಿರುವಲ್ಲಿ ಬೇಲಿಯೂ ಬೇಕು.

ಸಸಿಗಳು ದಟ್ಟವಾದ ಮೇಲೆ ತಾಯಿಮರಗಳ ಸರದಿ. ಅವು ಎತ್ತ ಬೀಳಬೇಕು, ದಿಮ್ಮಿಯನ್ನು ಯಾವ ದಾರಿಯಲ್ಲಿ ಎಳೆಯಬೇಕು ಎಂಬುದನ್ನು ಗರಗಸ ಹಚ್ಚುವ ಮೊದಲೇ ನೆಲದ ಮೇಲೆ ನಡೆದು ಗೊತ್ತುಮಾಡಬೇಕು. ಎಷ್ಟು ಜೋಪಾನ ಮಾಡಿದರೂ ಕೆಲವು ಗಿಡಗಳು ಮುರಿಯುತ್ತವೆ. ಅಗಲ ಎಲೆಯ ಜಾತಿಗಳಾದರೆ, ಮುರಿದವನ್ನು ನೆಲಮಟ್ಟದಲ್ಲಿ ನುಣ್ಣಗೆ ಕತ್ತರಿಸಿಬಿಡಿ. ಮುಂದಿನ ಮಳೆಗೆ ಬುಡದಿಂದ ಹೊಸ ಚಿಗುರು ನೆಟ್ಟಗೆ ಬರುತ್ತದೆ.