ಚೀಲ ಅದಲುಬದಲಾಯಿತು, ರಕ್ತ ಮರೆಯಲಿಲ್ಲ

1973. ಅಮೆರಿಕದ ಮಿಷಿಗನ್ ರಾಜ್ಯ. ಒಂದೇ ಕಂಪನಿ ಎರಡು ಪುಡಿಗಳನ್ನು ತಯಾರಿಸುತ್ತಿತ್ತು. ‘ನ್ಯೂಟ್ರಿಮಾಸ್ಟರ್’ ದನಗಳ ಮೇವಿಗೆ, ‘ಫೈರ್‌ಮಾಸ್ಟರ್’ ಪ್ಲಾಸ್ಟಿಕ್ಕಿಗೆ ಬೆಂಕಿ ತಗುಲದಿರಲಿ ಎಂದು ಬೆರೆಸುವುದಕ್ಕೆ. ಎರಡನೆಯದರಲ್ಲಿದ್ದದ್ದು ಪಿಬಿಬಿ ಎಂಬ ರಾಸಾಯನಿಕ. ಅದರ ಚೀಲಗಳು ತಪ್ಪಿ ಪಶು ಆಹಾರದ ಗಿರಣಿ ಸೇರಿದವು.

ಹಸುಗಳು ಮೇವನ್ನು ಸರಿಯಾಗಿ ತಿನ್ನಲಿಲ್ಲ. ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆಯಿತು. ಕಾರಣ ತಿಳಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಅದೂ ರಿಕ್ ಹಾಲ್ಬರ್ಟ್ ಎಂಬ ಹೈನುಗಾರ ಪಟ್ಟು ಬಿಡದೆ ಹುಡುಕಿದ್ದರಿಂದ. ಸುಮಾರು 30,000 ದನಗಳನ್ನು ಕೊಂದು ಹೂಳಿದರು. ಅಷ್ಟರಲ್ಲಿ ಹಾಲು, ಮೊಟ್ಟೆ, ಮಾಂಸ ಲಕ್ಷಾಂತರ ಜನರ ಹೊಟ್ಟೆ ಸೇರಿಯಾಗಿತ್ತು.

ಪಿಬಿಬಿ ಕೊಬ್ಬಿನಲ್ಲಿ ಮನೆ ಮಾಡಿಕೊಳ್ಳುತ್ತದೆ, ಎದೆಹಾಲಿನಲ್ಲಿ ಮಗುವಿಗೂ ಇಳಿಯುತ್ತದೆ. ದಶಕಗಳ ಬಳಿಕ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ 600ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದರು. ರಕ್ತದಲ್ಲಿರುವ ಪಿಬಿಬಿ ಪ್ರಮಾಣಕ್ಕೂ ಡಿಎನ್‌ಎಯ ಸಾವಿರಕ್ಕೂ ಹೆಚ್ಚು ತಾಣಗಳ ಮಿಥೈಲ್ ಗುರುತುಗಳ ಏರಿಳಿತಕ್ಕೂ ನಂಟು ಕಂಡಿತು. ಡಿಎನ್‌ಎಗೆ ಅಂಟಿಕೊಳ್ಳುವ ಈ ಪುಟ್ಟ ರಾಸಾಯನಿಕ ಗುರುತು ಪುಸ್ತಕದಲ್ಲಿ ಪುಟ ಮಡಚಿಟ್ಟಂತೆ. ಒಂದಕ್ಷರವೂ ಅಳಿಸಿಲ್ಲ, ಆದರೆ ಜೀವಕೋಶ ಯಾವ ಪುಟ ಓದಬೇಕು, ಯಾವುದನ್ನು ಬಿಡಬೇಕು ಎಂಬುದು ಬದಲಾಗುತ್ತದೆ. ನಂಟು ಕಂಡಿತೆಂದ ಮಾತ್ರಕ್ಕೆ ಕಾಯಿಲೆಯ ಕಾರಣ ಸಿಕ್ಕಂತಲ್ಲ, ನಿಜ. ಆದರೆ ನನ್ನನ್ನು ಕಾಡುವುದು ಬೇರೆ. ರಕ್ತದಲ್ಲಿ ಡಿಎನ್‌ಎ ಸಿಗುವುದು ಬಿಳಿ ರಕ್ತಕಣಗಳಿಂದ, ಅವುಗಳಲ್ಲಿ ಹೆಚ್ಚಿನವು ಬದುಕುವುದು ಕೆಲವೇ ದಿನ. ವಿಷ ತಿಂದ ವರ್ಷದ ಆ ಕಣಗಳು ಎಂದೋ ಸತ್ತುಹೋಗಿವೆ. ಕೊಬ್ಬಿನಿಂದ ವಿಷ ಇನ್ನೂ ಜಿನುಗುತ್ತಿದೆ, ಇವತ್ತು ಹುಟ್ಟುವ ಕಣವೂ ಅದರ ನಡುವೆಯೇ ಕಣ್ಣು ಬಿಡುತ್ತಿದೆ.

ಇದೆಲ್ಲ ತಿಳಿದದ್ದು ಹೇಗೆ? 1976ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಸಂತ್ರಸ್ತರ ಹೆಸರು ಬರೆದುಕೊಂಡು, ರಕ್ತ ಪಡೆದು, ದಾಖಲೆ ಇಟ್ಟಿತು. ಆ ಪಟ್ಟಿ ಇಲ್ಲದಿದ್ದರೆ 40 ವರ್ಷಗಳ ನಂತರ ಯಾರ ಬಾಗಿಲು ತಟ್ಟಬೇಕಿತ್ತು?

ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಬೇರೆಯೇ ವಿಷ, ಬೇರೆಯೇ ದಾರಿ. 2011ರಲ್ಲಿ ನಿಷೇಧ ಬಂತು, ಸಂತ್ರಸ್ತರಿಗೆ ಮಾಸಾಶನವೂ ಬಂತು. ನಿಷೇಧದ ದಿನಾಂಕವನ್ನೇ ಕಥೆಯ ಕೊನೆ ಎಂದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದೇ ಜಿಲ್ಲೆಯ ಕೊಕ್ಕಡದ ಸುತ್ತಮುತ್ತ ಸಿಂಪಡಣೆಯ ಮೊದಲ ವರ್ಷಗಳಲ್ಲಿ ಹುಟ್ಟಿದವರಿಗೆ ಈಗ ನಲವತ್ತು ದಾಟಿದೆ. ಅವರ ಮಾಸಾಶನದ ಕಡತದ ಪಕ್ಕದಲ್ಲಿ ರಕ್ತಪರೀಕ್ಷೆಯ ಕಡತವೂ ಇರಲಿ. ಅವರಿಗೂ, ಅವರ ಮಕ್ಕಳಿಗೂ, ಉಚಿತವಾಗಿ, ಜೀವನಪೂರ್ತಿ.